ನಾಳೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲುವಾಗ

ಗದಗ, ಶನಿವಾರ ರಾತ್ರಿ

ಚಿರಂಜೀವಿ ಅಳಿಯನಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು.

ಜಾತ್ರೆಯ ಹೊಡೆದಾಟದಲ್ಲಿ ನಿನ್ನ ತಮ್ಮನನ್ನು ಪೊಲೀಸರು ಹಿಡಿದೊಯ್ದರೆಂದು ಅಕ್ಕ ಫೋನಿನಲ್ಲಿ ಅತ್ತಳು. ಈಗ ಅವಳಿಗೆ ಏನು ಹೇಳಿದರೂ ತಲೆಯಲ್ಲಿ ನಿಲ್ಲದು. ಅದಕ್ಕೇ ನಿನಗೆ ಬರೆಯುತ್ತಿದ್ದೇನೆ.

ಸಂವಿಧಾನದ 22ನೇ ವಿಧಿಯ ಪ್ರಕಾರ, ಪ್ರಯಾಣದ ಸಮಯ ಬಿಟ್ಟು, ಹಿಡಿದ 24 ಗಂಟೆಯೊಳಗೆ ಅವನನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಲೇಬೇಕು. ನಾಳೆ ರವಿವಾರವೆಂದು ಆ ಗಡುವು ನಿಲ್ಲುವುದಿಲ್ಲ. ಕೋರ್ಟಿಗೆ ರಜೆಯಿದ್ದರೆ ನ್ಯಾಯಾಧೀಶರ ಮನೆಗೇ ಒಯ್ಯುತ್ತಾರೆ. ಆದ್ದರಿಂದ ಠಾಣೆಯಲ್ಲಿ ವೇಳೆ ಕೇಳಿಕೊಂಡು ವಕೀಲರೊಡನೆ ಅಲ್ಲಿಗೇ ಹೋಗು. ಅರೆಸ್ಟ್ ಮೆಮೊದಲ್ಲಿ, ಅಂದರೆ ಪೊಲೀಸರು ಬಂಧನದ ವಿವರ ಬರೆಯುವ ಕಾಗದದಲ್ಲಿ, ಬರೆದ ಹೊತ್ತಿಗೂ ನಿಜವಾಗಿ ಹಿಡಿದ ಹೊತ್ತಿಗೂ ತಾಳೆಯಿದೆಯೇ ಎಂದು ವಕೀಲರಿಂದ ನೋಡಿಸು.

ಅಂದು ಸಾಕ್ಷಿಗಳೂ ಇರುವುದಿಲ್ಲ, ತೀರ್ಪೂ ಇರುವುದಿಲ್ಲ. ಇವನನ್ನು ಜಾಮೀನಿನ ಮೇಲೆ ಬಿಡಬೇಕೇ, ಜೈಲಿಗೆ ಕಳಿಸಬೇಕೇ, ಪೊಲೀಸ್ ಕಸ್ಟಡಿಗೆ ಕೊಡಬೇಕೇ ಎಂಬುದಷ್ಟೇ ಪ್ರಶ್ನೆ. ಓಣಿಯವರು "ಒಪ್ಪಿಕೊಂಡರೆ ಬಿಟ್ಟುಬಿಡುತ್ತಾರೆ" ಎಂದು ಬುದ್ಧಿ ಹೇಳಿದರೆ ಕೇಳಬೇಡ. ಬರಿ ಹಾಳೆಯ ಮೇಲಂತೂ ಅವನು ಸಹಿ ಮಾಡಕೂಡದು.

ನ್ಯಾಯಾಧೀಶರು ಅವನನ್ನೇ ನೇರವಾಗಿ ಕೇಳುತ್ತಾರೆ: ಯಾವಾಗ ಹಿಡಿದರು, ಕಾರಣ ತಿಳಿಸಿದರೇ, ಮನೆಗೆ ಸುದ್ದಿ ಮುಟ್ಟಿಸಿದರೇ, ಹೊಡೆದರೇ? ನಾನು ಕೋರ್ಟಿನಲ್ಲಿ ಬೆಂಚ್ ಕ್ಲರ್ಕ್ ಆಗಿದ್ದಾಗ ಹೀಗೆಯೇ ನಿಂತ ಒಬ್ಬ ಹುಡುಗ, ಉತ್ತರ ಕೊಡುವ ಮೊದಲು ಪಕ್ಕದ ಪೇದೆಯ ಮುಖ ನೋಡಿ, "ಇಲ್ರೀ ಸಾಹೇಬ್ರ" ಎಂದ. ಅವನ ಎಡಗೈ ಬೆರಳುಗಳು ಬಾತು, ಅಂಗಿಯ ಗುಂಡಿ ಹಾಕಲೂ ಬರುತ್ತಿರಲಿಲ್ಲ. ಸಾಹೇಬರು ಪೇದೆಯನ್ನು ಹೊರಗೆ ಕಳಿಸಿ ಮತ್ತೊಮ್ಮೆ ಕೇಳಿದ ಮೇಲೆಯೇ ನಿಜ ಹೊರಬಿತ್ತು. ಎಲ್ಲ ದಿನವೂ ಅಷ್ಟು ವ್ಯವಧಾನವಿರುವುದಿಲ್ಲ, ಕೇಸಿನ ಕಟ್ಟುಗಳ ರಾಶಿಯೇ ಇರುತ್ತದೆ. ಪೆಟ್ಟು ಬಿದ್ದಿದ್ದರೆ ಮೊದಲ ಮಾತಿಗೇ ಹೇಳಲಿ, ವೈದ್ಯರ ಚೀಟಿಯಲ್ಲಿ ಬರೆದಿದ್ದಾರೆಯೇ ಎಂದು ವಕೀಲರು ನೋಡಲಿ.

ವಕೀಲರ ಫೀಗಾಗಿ ಸಾಲ ಮಾಡಬೇಡ. ಬಂಧನದಲ್ಲಿರುವವನಿಗೆ, ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವು ಉಚಿತವಾಗಿ ವಕೀಲರನ್ನು ಕೊಡುತ್ತದೆ. 15100ಕ್ಕೆ ಫೋನ್ ಮಾಡು.

ಹಚ್ಚಿದ ಕಲಂಗಳೆಲ್ಲ ಜಾಮೀನು ಸಿಗುವಂಥವೇ ಆಗಿದ್ದರೆ ಬಿಡುಗಡೆ ಅವನ ಹಕ್ಕು, ಯಾರ ದಯೆಯೂ ಅಲ್ಲ. ಆದರೆ ಜಾಮೀನುದಾರ ಬೇಕಾದೀತು. ಅಕ್ಕನ ಟ್ರಂಕಿನಲ್ಲಿರುವ ಹೊಲದ ಉತಾರ (ಪಹಣಿ) ಬಹಳ ಹಳೆಯದು. ಸೋಮವಾರ ಬೆಳಿಗ್ಗೆ ಹೊಸದನ್ನು ತೆಗೆಸಿ ಇಟ್ಟಿರು. ನಾನು ನನ್ನ ಆಧಾರ್ ಕಾರ್ಡು, ಫೋಟೋ ತೆಗೆದುಕೊಂಡು ಮೊದಲ ಬಸ್ಸಿಗೆ ಬರುತ್ತೇನೆ.

ನಿನ್ನ ಮಾವ