ಎಂಟನೇ ಮನವಿ ಕೊಡಬೇಕಿತ್ತಾ?

ಮಾನ್ಯ ಸಂಪಾದಕರೇ,

ನಮ್ಮೂರಿನವರ ರಸ್ತೆ ತಡೆಯನ್ನು ಖಂಡಿಸಿ ಓದುಗರೊಬ್ಬರು ಕಳೆದ ವಾರ ಇಲ್ಲೇ ಬರೆದಿದ್ದರು. ಪ್ರತಿಭಟನೆ ಮಾಡಲಿ, ಆದರೆ ಯಾರಿಗೂ ತೊಂದರೆ ಕೊಡದೆ ಮಾಡಲಿ ಎಂಬುದು ಅವರ ಮಾತು. ಆ ದಿನ ರಸ್ತೆಯಲ್ಲಿ ಕೂತವರಲ್ಲಿ ನಾನೂ ಒಬ್ಬಳು.

ನಾವು ಕೇಳಿದ್ದು ಒಂದು ಕಾಲುಸಂಕ, ನಡೆದು ದಾಟುವ ಸಣ್ಣ ಸೇತುವೆ. ಮಕ್ಕಳು ಶಾಲೆಗೆ ಹೋಗಲು ಹಳ್ಳ ದಾಟಬೇಕು. ಈಗಿರುವುದು ಎರಡು ಅಡಿಕೆ ಮರ, ಹಿಡಿದುಕೊಳ್ಳಲು ಒಂದು ಹಗ್ಗ, ಅಷ್ಟೇ. 4 ವರ್ಷದಲ್ಲಿ 7 ಮನವಿ ಕೊಟ್ಟಿದ್ದೇವೆ. ಸೀಲು ಬಿದ್ದ ಪ್ರತಿಗಳೆಲ್ಲ ನನ್ನ ಹತ್ತಿರ ಇವೆ. ಹೋದ ಆಷಾಢದಲ್ಲಿ ಪಕ್ಕದ ಮನೆಯ ಹುಡುಗಿ ಜಾರಿ ಬಿದ್ದಳು. ದಂಡೆಯ ಬೇರು ಕೈಗೆ ಸಿಕ್ಕಿದ್ದರಿಂದ ಉಳಿದಳು. ಆಮೇಲೂ ಬಂದ ಉತ್ತರ, ಅನುದಾನ ಇಲ್ಲ. ಆ ಓದುಗರನ್ನು ಕೇಳುತ್ತೇನೆ, ಎಂಟನೇ ಮನವಿ ಕೊಡಬೇಕಿತ್ತಾ?

ನನ್ನ ಅಜ್ಜ ನಮ್ಮ ತಾಲ್ಲೂಕಿನದೇ ಕಾಗೋಡಿನ ಗೇಣಿದಾರ. ಗೇಣಿ ಭತ್ತ ಅಳೆಯಲು ಜಮೀನಿನ ಒಡೆಯರು ದೊಡ್ಡ ಕೊಳಗ (ಅಳತೆಯ ಪಾತ್ರೆ) ಇಟ್ಟುಕೊಂಡಿದ್ದರು. ರೈತ ಮುಖಂಡ ಗಣಪತಿಯಪ್ಪನವರು ರೈತರನ್ನು ಒಟ್ಟುಮಾಡಿದರು. ಸರಿಯಾದ ಅಳತೆ ಕೇಳಿದ್ದಕ್ಕೆ ಗದ್ದೆಗೆ ಇಳಿಯಬೇಡಿ ಅಂದರು ಒಡೆಯರು. 1951ರ ಏಪ್ರಿಲ್‌ನಲ್ಲಿ ಜನ ನೇಗಿಲು ಹೊತ್ತು ಗದ್ದೆಗೇ ಇಳಿದರು. ಪೊಲೀಸರು ಹಿಡಿದರು, ಮತ್ತೊಂದು ತಂಡ ಇಳಿಯಿತು. ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು ಜೊತೆ ನಿಂತರು. ಜೂನ್‌ನಲ್ಲಿ ಬಂದ ರಾಮಮನೋಹರ ಲೋಹಿಯಾ ಅವರನ್ನೂ ಬಂಧಿಸಿದರು. ಅಜ್ಜನ ಹೆಸರಿಗೆ ಗದ್ದೆ ಆಗಿದ್ದು ಮಾತ್ರ 1974ರ ಭೂಸುಧಾರಣೆ ಬಂದು, ಗೇಣಿದಾರರು ಭೂಮಿಯ ಹಕ್ಕು ಕೇಳುವ ಏಳನೇ ನಂಬರ್ ಫಾರಂ ತುಂಬಿದ ಮೇಲೆ. ಅಷ್ಟು ತಡವಾಯಿತು. ಆದರೆ ಆ ದಿನ ಗದ್ದೆಗೆ ಇಳಿಯದಿದ್ದರೆ ಯಾರಾದರೂ ಕೇಳುತ್ತಿದ್ದರಾ?

ನಮ್ಮ ಶಿವಮೊಗ್ಗ ಜಿಲ್ಲೆಯದೇ ಈಸೂರೂ ಇದೆ. 1942ರಲ್ಲಿ ಊರು ಸ್ವತಂತ್ರ ಎಂದು ಸಾರಿದರು. ಮಾತು ಕೈಮೀರಿ ಇಬ್ಬರು ಅಧಿಕಾರಿಗಳು ಸತ್ತರು, ಮರುವರ್ಷ ಊರಿನ ಐವರಿಗೆ ಗಲ್ಲಾಯಿತು. ಆ ಐವರನ್ನು ನೆನೆದರೆ ಈಗಲೂ ಕಣ್ಣು ತುಂಬುತ್ತದೆ. ಸತ್ತ ಇಬ್ಬರ ಮನೆಯಲ್ಲೂ ಹೆಂಡತಿ ಮಕ್ಕಳು ಅತ್ತಿರಬೇಕು, ಅಲ್ವಾ? ಅದಕ್ಕೇ ನನಗೆ ಕಾಗೋಡಿನ ದಾರಿಯೇ ಸರಿ. ಎದುರು ನಿಲ್ಲಬೇಕು, ಕೈ ಎತ್ತಬಾರದು, ಹಿಡಿದರೆ ಹೋಗಬೇಕು.

ನಾವು ಕೂತಿದ್ದು 40 ನಿಮಿಷ. ಆಂಬುಲೆನ್ಸ್ ಬಂದಾಗ ಎದ್ದು ದಾರಿ ಬಿಟ್ಟೆವು. ಒಬ್ಬ ಹುಡುಗ ಕಲ್ಲು ಎತ್ತಿಕೊಂಡ. ನಾವು ಹೆಂಗಸರೇ ಬೈದು ಕಸಿದುಕೊಂಡೆವು. ಈಗ 11 ಜನರ ಮೇಲೆ ಕೇಸಾಗಿದೆ, ನನ್ನ ಹೆಸರೂ ಇದೆ. ಕೋರ್ಟಿಗೆ ಹೋಗುತ್ತೇವೆ. ಬಸ್ಸಿನಲ್ಲಿ ಸಿಕ್ಕಿಕೊಂಡಿದ್ದ ಅಕ್ಕ ಒಬ್ಬರಿಗೆ ಅರ್ಧ ದಿನದ ಕೂಲಿ ತಪ್ಪಿತಂತೆ. ಅದು ನಮ್ಮಿಂದಲೇ ಆದ ನಷ್ಟ. ಮನೆಗೆ ಹೋಗಿ ಕ್ಷಮೆ ಕೇಳಿ ಬಂದಿದ್ದೇವೆ.

ಮೂರನೇ ದಿನ ಎಂಜಿನಿಯರ್ ಬಂದು ಹಳ್ಳದ ಅಗಲ ಅಳೆದು ಹೋದರು. ಕೆಲಸ ಇನ್ನೂ ಶುರುವಾಗಿಲ್ಲ. ದೀಪಾವಳಿಯೊಳಗೆ ಆಗದಿದ್ದರೆ ಮತ್ತೆ ಕೂರುತ್ತೇವೆ. ಈ ಸಲ ಯಾವ ದಿನ, ಎಷ್ಟು ಗಂಟೆಗೆ ಎಂದು ಮೊದಲೇ ನಿಮ್ಮ ಪತ್ರಿಕೆಗೆ ಬರೆದು ತಿಳಿಸುತ್ತೇವೆ.

— ಗೇಣಿದಾರರೊಬ್ಬರ ಮೊಮ್ಮಗಳು, ಸಾಗರ ತಾಲ್ಲೂಕು