ಹಾಲು ಕಟ್ಟಿದೆ ಅಂತ ಸುಮ್ನೆ ಇರಬೇಡ

ಮಂಡ್ಯ
ಭಾನುವಾರ

ಪ್ರೀತಿಯ ಪುಟ್ಟಿ,

ನಿನ್ನೆ ನಿಮ್ಮಮ್ಮ ಫೋನಿನಲ್ಲಿ ಎಲ್ಲ ಹೇಳಿದಳು. ಅವಳನ್ನು ಬೈಯಬೇಡ. ಅವಳ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ ಅಂತ ನಿನಗೂ ಗೊತ್ತಲ್ಲ. ಎಡಗಡೆ ಮೊಲೆಯಲ್ಲಿ ಗಂಟು ಸಿಕ್ಕಿ ಎರಡು ತಿಂಗಳಾಯಿತಂತೆ. ಹಾಲು ಕಟ್ಟಿರಬೇಕು ಅಂತ ನಿಮ್ಮತ್ತೆ ಅಂದರಂತೆ, ನೀನೂ ಹ್ಞೂಂ ಅಂದೆಯಂತೆ.

ಮಗು ಹಾಲು ಬಿಟ್ಟು ಆರು ತಿಂಗಳಾಯಿತು ಕಣೇ. ನಿಮ್ಮಣ್ಣನಿಗೆ ಹಾಲು ಬಿಡಿಸಿದಾಗ ನಿಮ್ಮಜ್ಜಿ ನನ್ನ ಎದೆಗೆ ಮೂರು ದಿನ ಮಲ್ಲಿಗೆ ಕಟ್ಟಿದ್ದರು. ಎದೆ ಕಲ್ಲಿನಂತಾಗಿ ವಿಪರೀತ ನೋವು. ವಾರದಲ್ಲಿ ಇಳಿದುಹೋಯಿತು. ಕೆಲವರಿಗೆ ಹಾಲಿನ ಗುಳ್ಳೆ ಹಾಗೇ ಉಳಿಯುವುದೂ ಉಂಟು. ಆದರೆ ಅದನ್ನು ಹೇಳಬೇಕಾದ್ದು ಸ್ಕ್ಯಾನಿಂಗ್, ಅತ್ತೆಯಲ್ಲ.

ನೋವಿಲ್ಲ ಅಂತ ಧೈರ್ಯವಾಗಿದ್ದೀಯಂತೆ. ನನ್ನದೂ ನೋವಿರಲಿಲ್ಲ. ಸ್ನಾನ ಮಾಡುವಾಗ ಹುಣಸೆಬೀಜದಷ್ಟು ಕೈಗೆ ಸಿಕ್ಕಿತ್ತು. ಯುಗಾದಿ ಕಳೆಯಲಿ ಅಂದೆ, ನಾಟಿ ಮುಗಿಯಲಿ ಅಂದೆ. ಆಮೇಲೆ ಒಂದು ಕ್ಲಿನಿಕ್‌ಗೆ ಹೋದರೆ ಸೆರಗಿನ ಮೇಲಿಂದಲೇ ಮುಟ್ಟಿ, ಕೊಬ್ಬಿನ ಗಂಟು ಅಂತ ಮಾತ್ರೆ ಬರೆದರು. ಸ್ಕ್ಯಾನಿಂಗ್ ಇಲ್ಲ, ಏನಿಲ್ಲ. ಅವರನ್ನು ಎಷ್ಟು ಬೈದರೂ, ಖುಷಿಯಾಗಿ ಮನೆಗೆ ಬಂದವಳು ನಾನೇ ಅಲ್ವಾ? ದಸರಾ ಹೊತ್ತಿಗೆ ಕಂಕುಳಲ್ಲೂ ಒಂದು ಗಂಟು. ಆಪರೇಷನ್, ಕೀಮೋ, ರೇಡಿಯೇಷನ್ ಎಲ್ಲ ಆಯಿತು. ಈಗ ಚೆನ್ನಾಗಿದ್ದೀನಿ, ಆದರೆ ಆ ಏಳು ತಿಂಗಳು ಈಗಲೂ ಚುಚ್ಚುತ್ತವೆ.

ಅದಕ್ಕೇ ಹೇಳುತ್ತಿದ್ದೀನಿ, ಒಬ್ಬರ ಒಂದು ಮಾತು ನಂಬಿ ಎದ್ದು ಬರಬೇಡ. ಡಾಕ್ಟರು ಎರಡೂ ಮೊಲೆ, ಕಂಕುಳು ಮುಟ್ಟಿ ನೋಡಬೇಕು. ಸ್ಕ್ಯಾನಿಂಗ್ ಆಗಬೇಕು. ಬೇಕಾದರೆ ಸೂಜಿ ಹಾಕಿ ಚೂರು ತೆಗೆದು ಬಯಾಪ್ಸಿ ಮಾಡಬೇಕು. ಮೂರೂ ಒಂದಕ್ಕೊಂದು ತಾಳೆಯಾಗಬೇಕು. ಒಂದು ಬೇರೆ ಹೇಳಿದರೂ ಬಿಡದೆ ಕೇಳು. ಬರೀ ನೀರುಗುಳ್ಳೆ ಅಂತ ಖಚಿತವಾದರೆ ಸೂಜಿ ಬೇಡ ಅನ್ನಬಹುದು, ಅದು ಸರಿ.

ನಿನಗೆ 34. ಈ ವಯಸ್ಸಿನವರಿಗೆ ಸಾಮಾನ್ಯವಾಗಿ ಅಲ್ಟ್ರಾಸೌಂಡನ್ನೇ ಮೊದಲು ಮಾಡುತ್ತಾರೆ. ಮ್ಯಾಮೊಗ್ರಾಂ ಅಂದರೆ ಮೊಲೆಯ ಎಕ್ಸ್‌ರೇ. ಚಿಕ್ಕ ವಯಸ್ಸಿನವರ ಮೊಲೆ ಅದರಲ್ಲಿ ಬೆಳ್ಳಗೆ ಕಾಣುತ್ತೆ, ಗಂಟೂ ಬೆಳ್ಳಗೆ, ಮೊಸರನ್ನದಲ್ಲಿ ಕಲ್ಲು ಹುಡುಕಿದ ಹಾಗೆ. ರಿಪೋರ್ಟಿನ ಕೊನೆಯಲ್ಲಿ ಬೈರಾಡ್ಸ್ ಅಂತ ಒಂದು ನಂಬರ್ ಇರುತ್ತೆ. 1, 2 ಇದ್ದರೆ ಸ್ಕ್ಯಾನಿಂಗಿನಲ್ಲಿ ಅನುಮಾನ ಪಡುವಂಥದ್ದು ಕಂಡಿಲ್ಲ ಅಂತ. 3 ಇದ್ದರೆ ಬಹುಪಾಲು ಏನೂ ಅಲ್ಲ, ಆದರೂ ಆರು ತಿಂಗಳಿಗೆ ಮತ್ತೆ ನೋಡಿಸಬೇಕು. 4, 5 ಬಂದರೆ ಬಯಾಪ್ಸಿ ಬೇಕು. 4 ಬಂತು ಅಂತ ಗೂಗಲ್ ಮುಂದೆ ಕೂತು ಅಳಬೇಡ, ಅದರಲ್ಲೂ ಎಷ್ಟೋ ಗಂಟು ಕ್ಯಾನ್ಸರ್ ಅಲ್ಲ ಅಂತ ಬರುತ್ತವೆ.

ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತೆ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ನನಗೂ ಮೂರು ಜನ ಹೇಳಿದ್ದರು. ಕಿವಿಗೆ ಹಾಕಿಕೊಳ್ಳಬೇಡ. ಮರಗಟ್ಟುವ ಇಂಜೆಕ್ಷನ್ ಕೊಟ್ಟು ದಾರದೆಳೆಯಷ್ಟು ಚೂರು ತೆಗೆಯುತ್ತಾರೆ, ಅಷ್ಟೇ.

ನಿನ್ನ ವಯಸ್ಸಿನವರ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಆಗಿರುವುದಿಲ್ಲ. ಒತ್ತಿದರೆ ಗೋಲಿಯ ಹಾಗೆ ಜಾರುವ, ಫೈಬ್ರೋಅಡಿನೋಮಾ ಅನ್ನುವ ಕ್ಯಾನ್ಸರ್ ಅಲ್ಲದ ಗಂಟು ಎಷ್ಟೋ ಹುಡುಗಿಯರಿಗೆ ಇರುತ್ತೆ. ಜಾರುತ್ತೆ ಅಂತ ನೀನೇ ತೀರ್ಪು ಕೊಡಬೇಡ, ಮತ್ತೆ. ದೊಡ್ಡಮ್ಮನಿಗೆ ಬಂದಿತ್ತು ಅಂತ ಡಾಕ್ಟರಿಗೆ ಮರೆಯದೆ ಹೇಳು. ಅಪ್ಪನ ಕಡೆ ಯಾರಿಗಾದರೂ ಇದ್ದರೆ ಅದನ್ನೂ ಹೇಳು, ಅದೂ ಲೆಕ್ಕಕ್ಕೆ ಬರುತ್ತೆ.

ಬುಧವಾರ ಬೆಳಗಿನ ರೈಲಿಗೆ ಮೈಸೂರಿಗೆ ಬರುತ್ತೀನಿ. ಮಗುವನ್ನು ನಾನು ನೋಡಿಕೊಳ್ಳುತ್ತೀನಿ. ನಿಮ್ಮಮ್ಮನೂ ನಿನ್ನ ಜೊತೆ ಆಸ್ಪತ್ರೆಗೆ ಹೋಗಲಿ. ಅವಳಿಗೆ 57, ಗಂಟಿಲ್ಲದಿದ್ದರೂ ಮ್ಯಾಮೊಗ್ರಾಂ ಮಾಡಿಸುವ ವಯಸ್ಸು. ಅವತ್ತು ಕಂಕುಳಿಗೆ ಪೌಡರ್ ಹಾಕಿಕೊಳ್ಳಬೇಡ ಅಂತ ಹೇಳು, ಚಿತ್ರದಲ್ಲಿ ಚುಕ್ಕಿ ಚುಕ್ಕಿಯಾಗಿ ಕಾಣುತ್ತೆ. ನೀನು ಚೂಡಿದಾರ್ ಹಾಕಿಕೋ, ಮೇಲಿನದು ಮಾತ್ರ ತೆಗೆದರೆ ಸಾಕು.

ನಿನ್ನ ದೊಡ್ಡಮ್ಮ