ಅಜ್ಜಿಯನ್ನು ಹೊಗಳುವುದನ್ನು ನಿಲ್ಲಿಸು

ಪ್ರೀತಿಯ ತಂಗಿ,

ನಿನ್ನ ಹಸ್ತಪ್ರತಿಯೂ ಅದರೊಂದಿಗೆ ಇಟ್ಟಿದ್ದ ಪತ್ರವೂ ತಲುಪಿದವು. ‘ನೀನು’ ಎಂದೇ ಕರೆಯಿರಿ ಎಂದು ಕೇಳಿಕೊಂಡಿದ್ದೀಯ, ಹಾಗೇ ಆಗಲಿ. ತುಮಕೂರು ಸೀಮೆಯ ಮಳೆಯಾಧಾರದ ಹೊಲದಲ್ಲಿ ದುಡಿದು, ಆರು ಮಕ್ಕಳನ್ನು ಹೆತ್ತು ಸಾಕಿ, ತೊಂಬತ್ತರ ಹತ್ತಿರಕ್ಕೆ ಬಂದು ತೀರಿಕೊಂಡ ನಿನ್ನ ಅಜ್ಜಿಯ ಬಗ್ಗೆ ಇಷ್ಟೆಲ್ಲ ಬರೆದ ಮೇಲೂ ಅವರು ಪುಟಗಳಲ್ಲಿ ಸಿಗುತ್ತಿಲ್ಲವೆಂದೂ, ಬರೆಯುವುದನ್ನೇ ಬಿಟ್ಟುಬಿಡುವ ಯೋಚನೆ ಬಂದಿದೆಯೆಂದೂ ತಿಳಿಸಿದ್ದೀಯ. ಬಿಡಬೇಡ. ಆದರೆ ನಿನ್ನ ಅನುಮಾನ ಸರಿಯಾಗಿಯೇ ಇದೆ, ಅಜ್ಜಿ ಪುಟಗಳಲ್ಲಿ ಇಲ್ಲ.

ಅಧ್ಯಾಯಗಳನ್ನು ಹೇಗೆ ವಿಂಗಡಿಸಬೇಕು, ಆಡುಮಾತನ್ನು ಎಷ್ಟು ಬಳಸಬೇಕು, ಯಾವ ಪ್ರಕಾಶಕರಿಗೆ ಕಳುಹಿಸಬೇಕು ಎಂಬ ನಿನ್ನ ಪ್ರಶ್ನೆಗಳಿಗೆ ಉತ್ತರಿಸಲು ಬೇಕಾದಷ್ಟು ಜನರಿದ್ದಾರೆ, ಅವರನ್ನೇ ಕೇಳು. ನನಗೆ ಹೇಳಬೇಕೆನಿಸಿರುವುದು ಒಂದೇ ಮಾತು. ನೀನು ಅಜ್ಜಿಯನ್ನು ಹೊಗಳುವುದನ್ನು ನಿಲ್ಲಿಸಬೇಕು.

ಮೊದಲ ಅಧ್ಯಾಯದಲ್ಲೇ ಅವರು ಭೂಮಿತಾಯಿ, ತ್ಯಾಗಮೂರ್ತಿ, ದಣಿವರಿಯದ ಜೀವ. ಹಾರದ ಮೇಲೆ ಹಾರ ಹಾಕಿ ಉತ್ಸವಮೂರ್ತಿಯ ಮುಖವೇ ಕಾಣದಂತೆ ಮಾಡುವ ಭಕ್ತರ ಹಾಗೆ ಆಗಿದೆ ನಿನ್ನ ಸ್ಥಿತಿ. ಕೋಳಿ ಕೂಗುವ ಮೊದಲೇ ಎದ್ದು ಕೊಟ್ಟಿಗೆ ಬಾಚಿ, ಸಗಣಿಯನ್ನು ತಿಪ್ಪೆಗೆ ಹೊತ್ತು, ರಾಗಿ ಬೀಸಿ, ಮುದ್ದೆ ತೊಳಸಿ, ಬುತ್ತಿ ಹೊತ್ತುಕೊಂಡು ಹೊಲಕ್ಕೆ ಹೋಗಿ, ಅಲ್ಲಿ ಹೊತ್ತು ಮುಳುಗುವವರೆಗೆ ಕಳೆ ಕಿತ್ತವರಿಗೆ ದಣಿವು ಇರಲಿಲ್ಲವೆಂದು ಹೇಳಿದವರು ಯಾರು? ಅವರೇ ಹೇಳಿದರೇ? ದಣಿಯದವಳಿಗೆ ಯಾರೂ ಸಹಾಯ ಮಾಡಬೇಕಾಗಿಲ್ಲ. ನಿನ್ನ ಹೊಗಳಿಕೆಯಿಂದ ನಿನ್ನ ತಾತನಿಗೂ ದೊಡ್ಡಪ್ಪಂದಿರಿಗೂ ಆಗಿರುವ ಉಪಕಾರ ಅದು, ಅಜ್ಜಿಗೆ ಆಗಿರುವುದಲ್ಲ. ಜನಗಣತಿಯವರೂ ಮನೆಗೆಲಸ ಮಾಡುವ ಹೆಂಗಸರನ್ನು ದುಡಿಯದವರ ಪಟ್ಟಿಗೇ ಸೇರಿಸುತ್ತ ಬಂದಿದ್ದಾರೆ. ಅವರಿಗಾದರೂ ಕೈಯಲ್ಲಿ ನಮೂನೆ ಇತ್ತು, ಅವಸರವಿತ್ತು; ನಿನಗೆ ಎರಡೂ ಇಲ್ಲ.

ಮೂರನೆಯ ಅಧ್ಯಾಯದಲ್ಲಿ ನಿನ್ನ ಅರಿವಿಗೆ ಬಾರದೆಯೇ ಒಂದು ಒಳ್ಳೆಯ ವಾಕ್ಯ ಬಂದುಬಿಟ್ಟಿದೆ. ಕೊಯ್ಲಿಗೆ ಮುನ್ನ ಅಜ್ಜಿ ಒಬ್ಬರೇ ಹೊಲದಲ್ಲಿ ಓಡಾಡಿ ಕೆಲವು ತೆನೆಗಳನ್ನು ಮುರಿದು ಮಡಿಲಿಗೆ ಹಾಕಿಕೊಳ್ಳುತ್ತಿದ್ದರು ಎಂದು ಬರೆದು, ಮರುಕ್ಷಣವೇ ಅವರ ಸೀರೆಯ ತೇಪೆಯನ್ನು ಕಂಡು ಕಣ್ಣೀರು ಹಾಕಲು ಹೊರಟಿದ್ದೀಯ. ಅಲ್ಲೇ ನಿಲ್ಲಬೇಕಿತ್ತು. ಮುಂದಿನ ಮುಂಗಾರಿನ ಬೀಜವನ್ನು ಅವರು ಆರಿಸುತ್ತಿದ್ದರು. ಯಾವ ತೆನೆ, ಹೊಲದ ಯಾವ ಭಾಗದ್ದು, ಗಟ್ಟಿ ಕಾಳು ಕಟ್ಟಿದ್ದೇ ಅಥವಾ ಸೊರಗಿದ್ದೇ ಎಂದು ನೋಡುವ ಕಣ್ಣು ಆ ಮನೆಯಲ್ಲಿ ಅವರಿಗೊಬ್ಬರಿಗೇ ಇತ್ತು. ಆ ತೆನೆಯನ್ನು ಬೇರೆಯಾಗಿ ಒಣಗಿಸಿ, ಬಡಿದು, ತೂರಿ, ಬೂದಿ ಬೆರೆಸಿ ಮಡಕೆಯಲ್ಲಿಟ್ಟು ಬಾಯಿ ಮೆತ್ತುತ್ತಿದ್ದವರೂ, ತೊಗರಿಗೆ ಹುಳು ಬೀಳದಂತೆ ಕೆಮ್ಮಣ್ಣು ಕಟ್ಟುತ್ತಿದ್ದವರೂ, ಬಿತ್ತುವ ಕೂರಿಗೆಯ ಹಿಂದೆ ಬೀಜ ಬಿಡುವ ಕೊಳವೆಯಾದ ಸಡ್ಡೆಯನ್ನು ಹಿಡಿದು ನಡೆಯುತ್ತ ರಾಗಿಯ ಸಾಲುಗಳ ನಡುವೆ ಅವರೆ, ಜೋಳ, ಹುಚ್ಚೆಳ್ಳಿನ ಅಕ್ಕಡಿ, ಅಂದರೆ ಮಿಶ್ರಬೆಳೆಯ ಸಾಲು, ಬಿಡುತ್ತಿದ್ದವರೂ ಹೆಂಗಸರೇ. ರಾಗಿ ಕೈಕೊಟ್ಟ ವರ್ಷ ಮನೆಯವರು ಸಾರಿಗೆ ಕಾಳು ಕಂಡಿದ್ದರೆ ಅದು ಆ ಅಕ್ಕಡಿಯಿಂದ. ಇದು ತ್ಯಾಗವಲ್ಲ, ವಿದ್ಯೆ.

ಇನ್ನೊಂದು ಕಡೆ, ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕದ ರಾಗಿಗಳನ್ನು ಕೂಡಿಸಿ ತಯಾರಿಸಿದ ಇಂಡಾಫ್ ತಳಿಯನ್ನು 1970ರ ದಶಕದ ಕೊನೆಯಲ್ಲಿ ತಾತ ಮನೆಗೆ ತಂದಾಗ, ಅಜ್ಜಿ ‘ಹಠ ಮಾಡಿ’ ಹೊಲದ ಒಂದು ಮಗ್ಗುಲಿನಲ್ಲಿ ಹಳೆಯ ರಾಗಿಯನ್ನೇ ಬಿತ್ತಿಸಿದರು ಎಂದಿದ್ದೀಯ. ತಾತನದು ದೂರದೃಷ್ಟಿ, ಅಜ್ಜಿಯದು ಹಠ! ಏಕೆ ಬಿತ್ತಿಸಿದರೆಂದು ಒಮ್ಮೆಯಾದರೂ ಯೋಚಿಸಿದೆಯಾ? ದನಗಳಿಗೆ ವರ್ಷವಿಡೀ ಹುಲ್ಲು ಹೊಂದಿಸಬೇಕಾಗಿದ್ದವರು ಅವರು. ಹೊಸ ತಳಿಯ ಹುಲ್ಲಿನ ಉದ್ದವನ್ನೂ ಮೆದೆಯ ಎತ್ತರವನ್ನೂ ಅವರು ಲೆಕ್ಕ ಹಾಕಿರಬಹುದು, ಅಥವಾ ಮುದ್ದೆಯ ರುಚಿ ಹಿಡಿಸದೆ ಇದ್ದಿರಬಹುದು. ಕಾರಣ ನಿನಗೆ ಸಿಕ್ಕಿದರೆ ಒಂದು ಅಧ್ಯಾಯವೇ ಸಿಕ್ಕಿದಂತೆ. 1965-66ರ ಬರದ ವಿಷಯದಲ್ಲಿಯೂ ಹೀಗೆಯೇ, ‘ತಾನು ಅರೆಹೊಟ್ಟೆ ಉಂಡು ಮಕ್ಕಳನ್ನು ಉಳಿಸಿದಳು’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀಯ. ನೆಲದೊಳಗಿನ ಕಣಜವಾದ ಹಗೇವಿನಲ್ಲಿ ಎಷ್ಟು ರಾಗಿ ಉಳಿದಿತ್ತು, ಅದನ್ನು ತೆರೆಯಬೇಕೆಂದು ಹೇಳಿದವರು ಯಾರು, ಏರು ಹೊಡೆಯುವವನಿಗೆ ಎಷ್ಟು ಮುದ್ದೆ, ಹಾಲೂಡುವ ಸೊಸೆಗೆ ಎಷ್ಟು, ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ತಟ್ಟೆಯಲ್ಲಿ ವ್ಯತ್ಯಾಸವಿತ್ತೇ ಎಂಬುದೆಲ್ಲ ಅಜ್ಜಿ ದಿನವೂ ಮಾಡುತ್ತಿದ್ದ ಕಠಿಣ ತೀರ್ಮಾನಗಳು. ಹಂಚುವ ಕೈ ಯಾರಿಗೋ ಕಡಿಮೆ ಹಾಕಿಯೇ ಇರುತ್ತದೆ.

ಇಷ್ಟು ಕೋಪ ಏಕೆಂದು ನೀನು ಕೇಳಬಹುದು. ನಾನು ನಿನ್ನ ವಯಸ್ಸಿನವನಿದ್ದಾಗ ಒಂದು ವಾರಪತ್ರಿಕೆಗೆ ನಮ್ಮ ತಾಯಿಯ ಕಥೆ ಕಳುಹಿಸಿದ್ದೆ. ಸಂಪಾದಕರು ಕಣದ ಕೆಲಸದ ಎರಡು ಪುಟಗಳನ್ನು, ಇದು ಕೃಷಿ ಇಲಾಖೆಯ ಕರಪತ್ರದಂತಿದೆ ಎಂದು ಕತ್ತರಿಸಿ, ತಾಯಿ ಅಳುವ ಭಾಗವನ್ನು ಮಾತ್ರ ಉಳಿಸಿಕೊಂಡು ಅಚ್ಚು ಹಾಕಿದರು. ಓದಿದವರೆಲ್ಲ ಮೆಚ್ಚಿ ಕಾಗದ ಬರೆದರು. ನಮ್ಮ ತಾಯಿಗೆ ಓದಿ ಹೇಳಿದಾಗ ಅವರು, ನಾನು ಹೀಗೆ ಕೂತುಕೊಂಡು ಅತ್ತದ್ದು ಯಾವಾಗ, ಪುರುಸೊತ್ತು ಎಲ್ಲಿತ್ತು ಎಂದು ಕೇಳಿದರು. ಆ ಸಂಪಾದಕರನ್ನು ನಾನು ಇನ್ನೂ ಕ್ಷಮಿಸಿಲ್ಲ, ಕ್ಷಮಿಸುವ ಉದ್ದೇಶವೂ ಇಲ್ಲ. ಅಮ್ಮಂದಿರ ದಿನದ ವಿಶೇಷ ಪುಟಕ್ಕೆ ನಾಲ್ಕು ಸಾಲು ಕೇಳಿ ಬರುವ ಕರೆಗಳಿಗೆ ನಾನು ಉತ್ತರಿಸದಿರುವುದಕ್ಕೂ ಇದೇ ಕಾರಣ.

ಈಗ ನೀನು ಜಾಣತನದಿಂದ ದಾಟಿಹೋದ ವಿಷಯಕ್ಕೆ ಬರುತ್ತೇನೆ. ತಾತ ತೀರಿಕೊಂಡ ಮೇಲೆ ಜಮೀನು ಭಾಗವಾದಾಗ ನಿನ್ನ ಸೋದರತ್ತೆಯರು ‘ಒಂದು ಮಾತನ್ನೂ ಆಡದೆ’ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿದರು ಎಂದು ಬರೆದು, ಅದನ್ನು ಕುಟುಂಬದ ಒಗ್ಗಟ್ಟಿಗೆ ಸಾಕ್ಷಿಯೆಂದು ತೋರಿಸಿದ್ದೀಯ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ ಪ್ರಕಾರವೇ ಗಂಡನ ಪಾಲಿನಲ್ಲಿ ಹೆಂಡತಿಗೂ ಹೆಣ್ಣುಮಕ್ಕಳಿಗೂ ಭಾಗವಿತ್ತು. 1994ರಲ್ಲಿ ಕರ್ನಾಟಕದ ತಿದ್ದುಪಡಿ, ಆ ಹೊತ್ತಿಗೆ ಮದುವೆಯಾಗಿದ್ದವರನ್ನು ಬಿಟ್ಟು, ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಪಿತ್ರಾರ್ಜಿತದ ಹಕ್ಕು ಕೊಟ್ಟಿತು; 2005ರಲ್ಲಿ ಕೇಂದ್ರದ ತಿದ್ದುಪಡಿ ಮದುವೆಯ ಆ ಅಡ್ಡಿಯನ್ನೂ ತೆಗೆಯಿತು. ಆದರೂ 2015-16ರ ಕೃಷಿ ಗಣತಿಯಲ್ಲಿ ದೇಶದ ಹಿಡುವಳಿದಾರರ ಪೈಕಿ ಹೆಂಗಸರು ನೂರಕ್ಕೆ ಸುಮಾರು 14 ಮಂದಿ ಮಾತ್ರ. ಉಳಿದವರ ಕಥೆ ನಿನ್ನ ಆ ಒಂದು ಸಾಲಿನಲ್ಲಿ ಅಡಗಿದೆ. ಸಹಿ ಹಾಕಿರೆಂದು ಹೆಣ್ಣುಮಕ್ಕಳಿಗೆ ಹೇಳಿದವರು ಯಾರು? ನನ್ನ ಊಹೆ ಸರಿಯಾಗಿದ್ದರೆ, ತವರಿನ ಬಾಗಿಲು ಮುಚ್ಚದಿರಲಿ ಎಂದು ಅಜ್ಜಿಯೇ ಹೇಳಿದ್ದಾರೆ. ಅರವತ್ತು ವರ್ಷ ಉತ್ತ ನೆಲದ ಪಹಣಿಯಲ್ಲಿ ತಮ್ಮ ಹೆಸರೇ ಇಲ್ಲದವರು ಮಗಳಂದಿರ ಹೆಸರನ್ನೂ ತಾವೇ ಬಿಡಿಸಿದ್ದಾರೆ. ನಾನು ಅವರನ್ನು ದೂರುತ್ತಿಲ್ಲ. ವಯಸ್ಸಾದ ಮೇಲೆ ಯಾವ ಮಗನ ಮನೆಯಲ್ಲಿ ಅನ್ನ ಉಣ್ಣಬೇಕಾಗುತ್ತದೆ ಎಂಬುದು ಗೊತ್ತಿದ್ದ ಹೆಂಗಸು ಮಾಡಿಕೊಂಡ ಲೆಕ್ಕಾಚಾರವದು. ಆದರೆ ಆ ಲೆಕ್ಕಾಚಾರವನ್ನು ಬರೆಯದೆ ಅವರ ಬದುಕನ್ನು ಬರೆದೆನೆಂದು ಹೇಳಿಕೊಳ್ಳಬೇಡ.

ಇದನ್ನೆಲ್ಲ ಬರೆದರೆ ಮನೆಯವರು ಮುನಿಸಿಕೊಳ್ಳುತ್ತಾರೆ, ಅಜ್ಜಿಯ ಮರ್ಯಾದೆ ಹೋಗುತ್ತದೆ ಎಂಬ ಭಯ ನಿನ್ನ ಪತ್ರದಲ್ಲೇ ಕಾಣುತ್ತದೆ. ಮುನಿಸಿಕೊಳ್ಳಲಿ. ನಿನಗೆ ಕಣ್ಣಿದೆ ತಂಗಿ, ಇಲ್ಲದಿದ್ದರೆ ಆ ತೆನೆ ಆರಿಸುವ ವಾಕ್ಯ ನಿನ್ನಿಂದ ಬರುತ್ತಲೇ ಇರಲಿಲ್ಲ. ಅದನ್ನು ಓದಿದ್ದರಿಂದಲೇ ಈ ವಯಸ್ಸಿನಲ್ಲಿ ಇಷ್ಟುದ್ದದ ಕಾಗದ ಬರೆಯುತ್ತಿದ್ದೇನೆ.

ಸದ್ಯಕ್ಕೆ ಏನನ್ನೂ ತಿದ್ದಬೇಡ. ಮೊದಲು ನಿನ್ನ ತಾಯಿಯ ಬಳಿ ಕುಳಿತು, ಸೊಸೆಯಾಗಿ ಆ ಮನೆಗೆ ಬಂದ ಮೊದಲ ವರ್ಷಗಳಲ್ಲಿ ಅಜ್ಜಿ ತಮ್ಮನ್ನು ಹೇಗೆ ನಡೆಸಿಕೊಂಡರೆಂದು ಕೇಳು. ಹಸ್ತಪ್ರತಿಯಲ್ಲಿ ಎಲ್ಲರೂ ಮಾತನಾಡುತ್ತಾರೆ, ಅವರೊಬ್ಬರು ಮಾತ್ರ ಬಾಯಿ ಬಿಡುವುದಿಲ್ಲ. ಆಮೇಲೆ ಹಿರಿಯ ಸೋದರತ್ತೆಯ ಊರಿಗೆ ಹೋಗಿ ಸಹಿ ಹಾಕಿದ ದಿನದ ವಿಷಯ ಕೇಳು. ಅವರಿಗೆ ಎಂಬತ್ತು ದಾಟಿದೆ ಎಂದು ನೀನೇ ಬರೆದಿದ್ದೀಯ, ಆದ್ದರಿಂದ ತಡ ಮಾಡಬೇಡ. ಅವರಿಬ್ಬರೂ ಹೇಳಿದ್ದನ್ನು ಬರೆದು ಕಳುಹಿಸು, ನಾನು ಓದುತ್ತೇನೆ.

ಇತಿ,
ನಿನ್ನ ಹಿತೈಷಿ